ನಮ್ಮೂರ ವೀರಗಲ್ಲನ್ನು ಅಪಾರ್ಟ್‌ಮೆಂಟ್ ಗೇಟಿಗೆ ತಂದು ನಿಲ್ಲಿಸಿದವರಿಗೆ

ಕೋಪ ಇನ್ನೂ ಇಳಿದಿಲ್ಲ, ಅದಕ್ಕೇ ನೇರವಾಗಿ ಹೇಳುತ್ತೇನೆ. ಪೋಕೆಮಾನ್ ಗೋ ಆಡುವವರೇ, ಮನೆ ಪಕ್ಕ ಒಂದು ಸ್ಟಾಪ್ ಬೇಕು ಅನ್ನುವ ಆಸೆಗೆ ಬೇರೆಯವರು ತೆಗೆದ ಫೋಟೋ ಕದ್ದು, ಎಲ್ಲೋ ಇರುವ ಕಲ್ಲನ್ನು ನಿಮ್ಮ ಬೀದಿಯಲ್ಲಿದೆ ಅಂತ ಕಳಿಸುವುದನ್ನು ನಿಲ್ಲಿಸಿ. ಇದು ಕಳ್ಳತನ. ಆಟ ತಾನೇ ಅಂತ ಹೇಳಿ ಹಗುರ ಮಾಡಬೇಡಿ.

ಆಡದವರಿಗೂ ಅರ್ಥವಾಗಲಿ ಅಂತ ಸ್ವಲ್ಪ ಹಿಂದಿನಿಂದ ಹೇಳುತ್ತೇನೆ. ಇದು ಫೋನ್ ಹಿಡಿದು ನಿಜವಾದ ಜಾಗಗಳಿಗೆ ಹೋಗಿ ಆಡುವ ಆಟ. ಪೋಕೆಸ್ಟಾಪಿನಲ್ಲಿ ಆಟದ ಸಾಮಾನು ಸಿಗುತ್ತದೆ, ಜಿಮ್ಮಿನಲ್ಲಿ ಪೋಕೆಮಾನ್ ಕಾದಾಟ ನಡೆಯುತ್ತದೆ. ಮ್ಯಾಪಿನಲ್ಲಿ ಕಾಣುವ ಈ ಪೋಕೆಸ್ಟಾಪ್, ಜಿಮ್‌ಗಳಲ್ಲಿ ಬಹುಪಾಲು ಕಂಪನಿಯವರು ಹಾಕಿದ್ದಲ್ಲ. 2012ರಲ್ಲಿ ಈ ಆಟ ಮಾಡಿದ ಕಂಪನಿಯದೇ ಇಂಗ್ರೆಸ್ ಅನ್ನುವ ಇನ್ನೊಂದು ಆಟ ಶುರುವಾಯಿತು, ಅದನ್ನು ಆಡುತ್ತಿದ್ದವರು ತಮ್ಮ ತಮ್ಮ ಊರಿನ ಗುಡಿ, ಪ್ರತಿಮೆ, ಪಾರ್ಕು, ಹಳೇ ಬಾವಿ ಎಲ್ಲದರ ಫೋಟೋ ತೆಗೆದು ಕಳಿಸಿದರು. 2016ರಲ್ಲಿ ಪೋಕೆಮಾನ್ ಗೋ ಬಂದಾಗ ಅದೇ ಜಾಗಗಳು ಇಲ್ಲಿಗೂ ಬಂದವು. 2019ರಿಂದ ವೇಫೇರರ್ ಅನ್ನುವ ವೆಬ್‌ಸೈಟ್ ಇದೆ. ಒಬ್ಬರು ಹೆಸರು, ವಿವರ, ಮುಖ್ಯ ಫೋಟೋ, ಸುತ್ತಮುತ್ತಲಿನ ಜಾಗ ಕಾಣುವ ಇನ್ನೊಂದು ಫೋಟೋ, ಮ್ಯಾಪಿನಲ್ಲಿ ಪಿನ್ ಇಷ್ಟನ್ನು ಕಳಿಸುತ್ತಾರೆ. ಬೇರೆ ಆಟಗಾರರು ಅದನ್ನು ನೋಡಿ ಸರಿ ಅಥವಾ ತಪ್ಪು ಅಂತ ಹೇಳುತ್ತಾರೆ. ಯಾರಿಗೂ ಸಂಬಳ ಇಲ್ಲ. ಕಳಿಸಿದವರು ನಿಜ ಹೇಳುತ್ತಿದ್ದಾರೆ ಅನ್ನುವ ನಂಬಿಕೆ ಮೇಲೆ ಎಲ್ಲ ನಡೆಯಬೇಕು.

ನಮ್ಮೂರು ತುಮಕೂರು ಕಡೆ. ಊರಾಚೆ ಅರಳಿಕಟ್ಟೆ ಹಿಂದೆ ಒಂದು ವೀರಗಲ್ಲು ಇದೆ. ಕೆಳಗಿನ ಸಾಲಿನಲ್ಲಿ ದನಗಳು, ಬಿಲ್ಲು ಹಿಡಿದ ಒಬ್ಬ. ಅಂದರೆ ತುರುಗೋಳಿನಲ್ಲಿ ಊರಿನ ದನ ಉಳಿಸಲು ಹೋಗಿ ಸತ್ತವನ ಕಲ್ಲು. ಮಧ್ಯದಲ್ಲಿ ಅವನನ್ನು ಅಪ್ಸರೆಯರು ಎತ್ತಿಕೊಂಡು ಹೋಗುತ್ತಿದ್ದಾರೆ. ಮೇಲೆ ಲಿಂಗದ ಮುಂದೆ ಕೂತಿದ್ದಾನೆ, ಪಕ್ಕದಲ್ಲಿ ಸೂರ್ಯ ಚಂದ್ರ. ಬಲಗಡೆಯ ಮೇಲಿನ ಮೂಲೆ ಮುರಿದಿದೆ. ಅಕ್ಷರ ಒಂದೂ ಇಲ್ಲ, ಹಾಗಾಗಿ ಆ ಮನುಷ್ಯನ ಹೆಸರು ಯಾರಿಗೂ ಗೊತ್ತಿಲ್ಲ. ಗಿಡಗಂಟಿ ಬಿಡಿಸಿ, ಕಲ್ಲಿನ ಮೇಲೆ ಬಿಸಿಲು ಓರೆಯಾಗಿ ಬೀಳುವ ಹೊತ್ತು ಕಾದು ಫೋಟೋ ತೆಗೆದೆ. ಯಾಕೆಂದರೆ ನಡು ಮಧ್ಯಾಹ್ನ ತೆಗೆದರೆ ಸವೆದ ಕೆತ್ತನೆ ಕಾಣುವುದೇ ಇಲ್ಲ. ಪಕ್ಕದ ಮನೆ ಅಜ್ಜಿ ಬಂದು "ಯಾಕಪ್ಪಾ, ಇದನ್ನ ಯಾರಿಗೆ ತೋರಿಸ್ತೀಯ?" ಅಂತ ಕೇಳಿದರು. ಎಲ್ಲರಿಗೂ ತೋರಿಸ್ತೀನಿ ಅಜ್ಜಿ ಅಂದೆ. ಕಳಿಸಿದೆ, ಒಪ್ಪಿಗೆಯೂ ಆಯಿತು. ಆ ಕಡೆ ಹೋದ ಹುಡುಗರು ಗಾಡಿ ನಿಲ್ಲಿಸಿ ಕಲ್ಲು ನೋಡಿ ಹೋಗಲು ಶುರು ಮಾಡಿದರು. ಅದಕ್ಕಿಂತ ಇನ್ನೇನು ಬೇಕು?

ಈಗ ಮೊನ್ನೆ ರಿವ್ಯೂ ಮಾಡಲು ಕೂತಿದ್ದೇನೆ, ನನ್ನದೇ ಫೋಟೋ ನನ್ನ ಮುಂದೆ ಬಂತು. ಪಿನ್ ಇರುವುದು ಬೆಂಗಳೂರಿನ ಹೊರಗಿನ ಒಂದು ಅಪಾರ್ಟ್‌ಮೆಂಟ್ ಗೇಟಿನ ಪಕ್ಕ. ಹೆಸರು "ಪುರಾತನ ವೀರಗಲ್ಲು". ಅದೇ ಮುರಿದ ಮೂಲೆ, ಅದೇ ಓರೆ ಬಿಸಿಲು, ಅಜ್ಜಿ ಇಟ್ಟಿದ್ದ ಅದೇ ಕುಂಕುಮ. ಆಟದೊಳಗಿನ ಫೋಟೋವನ್ನು ಸ್ಕ್ರೀನ್‌ಶಾಟ್ ತೆಗೆದು, ಸುತ್ತ ಕ್ರಾಪ್ ಮಾಡಿ ಹಾಕಿದ್ದಾರೆ. ಸುತ್ತಮುತ್ತಲಿನ ಫೋಟೋದಲ್ಲಿ ಗೇಟು, ಸೆಕ್ಯೂರಿಟಿ ಕ್ಯಾಬಿನ್, ಒಂದು ಪೊದೆ. ಕಲ್ಲು ಪೊದೆ ಹಿಂದೆ ಇದೆಯಂತೆ! ವಿವರದಲ್ಲಿ "ಸ್ಥಳೀಯರು ದಿನಾ ಪೂಜೆ ಮಾಡುತ್ತಾರೆ" ಅಂತ ಬರೆದಿದ್ದಾರೆ. ಎಷ್ಟು ಧೈರ್ಯ ನೋಡಿ.

ಇಷ್ಟೆಲ್ಲ ಯಾಕೆ ಅಂತ ಗೊತ್ತಾ? ಮನೆ ಸೋಫಾ ಮೇಲೆ ಕೂತೇ ಸ್ಟಾಪ್ ಸ್ಪಿನ್ ಮಾಡಬೇಕು, ಅಂದರೆ ಫೋನಿನಲ್ಲಿ ಅದನ್ನು ತಿರುಗಿಸಿ ಸಾಮಾನು ತಗೋಬೇಕು. ಈಗ 80 ಮೀಟರ್ ದೂರದಿಂದಲೇ ಸ್ಪಿನ್ ಆಗುತ್ತದೆ, ಅಂದರೆ ಗೇಟಿನ ಪಕ್ಕ ಒಂದು ಬಂದರೆ ಅರ್ಧ ಬ್ಲಾಕಿಗೆ ಸಾಕು. ಜಿಮ್ ಆಗಿಬಿಟ್ಟರೆ ದಿನಕ್ಕೆ 50 ಕಾಯಿನ್ (ಆಟದೊಳಗಿನ ದುಡ್ಡು) ತನಕ ಸಿಗುತ್ತದೆ. ಅಷ್ಟಕ್ಕೆ ಒಂದು ಊರಿನ ಕಲ್ಲನ್ನು ಎತ್ತಿ ಇನ್ನೊಂದು ಕಡೆ ಇಡುತ್ತೀರಾ? ಬಿಸಿಲಲ್ಲಿ ನಿಂತವರು ನಾವು, ಗಿಡ ಬಿಡಿಸಿದವರು ನಾವು, ನಿಮ್ಮದು ಒಂದು ಸ್ಕ್ರೀನ್‌ಶಾಟ್. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ.

ಇದು ನನ್ನೊಬ್ಬನ ಕಥೆ ಅಲ್ಲ. ರಿವ್ಯೂ ಮಾಡುವ ಯಾರನ್ನಾದರೂ ಕೇಳಿ, ಪಟ್ಟಿ ಹೇಳುತ್ತಾರೆ. ಕಂಪ್ಯೂಟರ್ ಪರದೆಯ ಫೋಟೋ ತೆಗೆದು ಕಳಿಸುತ್ತಾರೆ, ಹತ್ತಿರದಿಂದ ನೋಡಿದರೆ ಪರದೆಯ ಗೆರೆಗಳು ಅಲೆ ಅಲೆಯಾಗಿ ಕಾಣುತ್ತವೆ. ಯಾವುದೋ ಪತ್ರಿಕೆಯ ಫೋಟೋ ಎತ್ತಿರುತ್ತಾರೆ, ಮೂಲೆಯಲ್ಲಿ ವಾಟರ್‌ಮಾರ್ಕ್ ಅರ್ಧ ಉಳಿದಿರುತ್ತದೆ. ಫೋಟೋ ಹಾಕಿ ಹುಡುಕುವ ಗೂಗಲ್ ಲೆನ್ಸಿನಲ್ಲಿ ನೋಡಿದರೆ ಅದೇ ಪ್ರತಿಮೆ ಬೇರೆ ರಾಜ್ಯದಲ್ಲಿ ಸಿಗುತ್ತದೆ. ಒಂದು ಹಾಳೆಯಲ್ಲಿ "ಸಮುದಾಯ ಗ್ರಂಥಾಲಯ" ಅಂತ ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿ, ಫೋಟೋ ತೆಗೆದು, ಹಾಳೆ ಕಿತ್ತುಕೊಂಡು ಹೋಗುವವರಿದ್ದಾರೆ. ಇನ್ನೂ ಕೆಲವರು ಸುಳ್ಳನ್ನು ಗಟ್ಟಿ ಮಾಡಲು ಗೂಗಲ್ ಮ್ಯಾಪ್ಸ್‌ಗೇ ತಪ್ಪು ಜಾಗದಲ್ಲಿ 360 ಡಿಗ್ರಿ ಫೋಟೋ ಹಾಕುತ್ತಾರೆ. ಇದು ನನಗೆ ಎಲ್ಲಕ್ಕಿಂತ ಅಸಹ್ಯ. ಯಾಕೆಂದರೆ ಆ ಮ್ಯಾಪ್ ಆಡುವವರಿಗೆ ಮಾತ್ರ ಅಲ್ಲ, ದಾರಿ ಹುಡುಕಿಕೊಂಡು ಬರುವ ಯಾರೋ ಪಾಪದವರಿಗೂ ಬೇಕು ಅಲ್ವಾ? ಇನ್ನು ಕೆಲವರ ಆಟವೇ ಬೇರೆ, ನಿಜವಾದ ಜಾಗಕ್ಕೆ ಒಪ್ಪಿಗೆ ತೆಗೆದುಕೊಂಡು ಆಮೇಲೆ ಮೆಲ್ಲಗೆ ಪಿನ್ ಸರಿಸುವುದು, ಇವತ್ತು ಸ್ವಲ್ಪ ನಾಳೆ ಸ್ವಲ್ಪ, ಕೊನೆಗೆ ಅದು ಅವರ ಮನೆ ಬಾಗಿಲಿಗೆ ಬಂದು ನಿಂತಿರುತ್ತದೆ.

ಇದರ ಪೆಟ್ಟು ಬೀಳುವುದು ನಿಜ ಕಳಿಸುವವರಿಗೆ. ಅದು ನಿಮಗೆ ಗೊತ್ತಾಗುವುದಿಲ್ಲ, ಅಥವಾ ಗೊತ್ತಿದ್ದೂ ಬೇಕಿಲ್ಲ. ಗೂಗಲ್ ಮ್ಯಾಪಿನಲ್ಲಿ ಬೀದಿಯ ಚಿತ್ರ ತೋರಿಸುವ ಸ್ಟ್ರೀಟ್ ವ್ಯೂ ನಮ್ಮ ದೇಶದಲ್ಲಿ ಸರಿಯಾಗಿ ಶುರುವಾಗಿದ್ದು 2022ರಲ್ಲಿ, ಅದೂ ಬೆಂಗಳೂರು ಸೇರಿ ಹತ್ತು ನಗರಗಳಿಂದ. ಹಳ್ಳಿಯ ಒಳದಾರಿ ಎಷ್ಟೋ ಕಡೆ ಅದರಲ್ಲಿ ಇಲ್ಲವೇ ಇಲ್ಲ. ಸ್ಯಾಟಲೈಟ್ ಚಿತ್ರದಲ್ಲಿ ಅರಳಿಮರದ ಕೆಳಗಿನ ಮೂರಡಿ ಕಲ್ಲು ಕಾಣುತ್ತದಾ? ಹಸಿರು ಮಚ್ಚೆ ಬಿಟ್ಟು ಏನೂ ಕಾಣುವುದಿಲ್ಲ. ಹಾಗಾಗಿ ಹಳ್ಳಿಯವನಿಗೆ ಸಾಕ್ಷಿ ಅಂದರೆ ಅವನು ತೆಗೆದ ಆ ಎರಡು ಫೋಟೋ ಮಾತ್ರ. ನೀವು ಮಾಡುವ ಕೆಲಸದಿಂದ ಆ ಫೋಟೋಗಳ ಮೇಲಿನ ನಂಬಿಕೆಯೇ ಹೋಗುತ್ತಿದೆ. ವೀರಗಲ್ಲು, ಮಾಸ್ತಿಕಲ್ಲು (ಸತಿ ಹೋದವಳ ನೆನಪಿನ ಕಲ್ಲು), ನಾಗರಕಲ್ಲು ಅಂತ ಕಂಡ ಕೂಡಲೇ "ಫೇಕ್ ಇರಬೇಕು" ಅಂತ ರಿಜೆಕ್ಟ್ ಒತ್ತುವವರು ಹುಟ್ಟಿಕೊಂಡಿದ್ದಾರೆ. ನಮ್ಮೂರ ಕೆರೆ ಏರಿ ಮೇಲಿನ ಮಾಸ್ತಿಕಲ್ಲನ್ನು ಕಳಿಸಿದೆ. ಎತ್ತಿದ ಕೈ, ಬಳೆ ಎಲ್ಲ ಸ್ಪಷ್ಟವಾಗಿ ಕಾಣುವ ಫೋಟೋ. ಹಿಂದೆ ಕೆರೆ, ತೂಬು ಕಾಣುವ ಹಾಗೆ ಎರಡನೇ ಫೋಟೋ. "ಬೇರೆ ಕಡೆಯಿಂದ ತೆಗೆದ ಫೋಟೋ" ಅನ್ನುವ ಕಾರಣ ಕೊಟ್ಟು ರಿಜೆಕ್ಟ್. ನಾನೇ ಏರಿ ಮೇಲೆ ನಿಂತು ತೆಗೆದದ್ದು ರೀ! ಹೊಟ್ಟೆ ಉರಿಯುವುದಿಲ್ಲವಾ?

ರಿಜೆಕ್ಟ್ ಒತ್ತಿದವರಿಗೂ ಒಂದು ಮಾತು ಇದೆ. ಅನುಮಾನ ಬಂದರೆ ನೋಡಿ. ಫೋಟೋದಲ್ಲಿನ ನೆರಳು, ಮರ, ಕರೆಂಟ್ ಕಂಬ, ಮಣ್ಣಿನ ಬಣ್ಣ ಎರಡೂ ಚಿತ್ರದಲ್ಲಿ ಹೊಂದುತ್ತದಾ ನೋಡಿ. ಒಂದು ಸಲ ಲೆನ್ಸಿನಲ್ಲಿ ಹಾಕಿ. ಅಷ್ಟು ವ್ಯವಧಾನ ಇಲ್ಲ ಅಂದರೆ ಸ್ಕಿಪ್ ಮಾಡಿ, ಆ ಬಟನ್ ಇರುವುದೇ ಅದಕ್ಕೆ. ಸುಮ್ನೆ ಅಪ್‌ಗ್ರೇಡ್ ಸಿಗಲಿ, ತಾವು ಕಳಿಸಿದ್ದು ಬೇಗ ರಿವ್ಯೂಗೆ ಹೋಗಲಿ ಅಂತ ಬಡಬಡ ಒತ್ತುತ್ತಾ ಹೋಗುವವರಿಂದಲೇ ಕಳ್ಳ ಫೋಟೋ ಒಳಗೆ ಹೋಗುತ್ತದೆ, ನಿಜವಾದದ್ದು ಹೊರಗೆ ಬೀಳುತ್ತದೆ.

"ನಮ್ಮ ಏರಿಯಾದಲ್ಲಿ ಒಂದೂ ಸ್ಟಾಪ್ ಇಲ್ಲ, ಏನು ಮಾಡೋದು" ಅಂತ ಕೆಲವರು ಹೇಳುತ್ತಾರೆ. ಹಳ್ಳಿಯಲ್ಲಿ ಆಡಿದವನು ನಾನು, ಆ ಕಷ್ಟ ಚೆನ್ನಾಗಿ ಗೊತ್ತು. ಆದರೆ ಬೆಂಗಳೂರಿನಲ್ಲಿ ಕೂತು ಇದನ್ನು ಹೇಳಬೇಡಿ. ಆಚೆ ಬನ್ನಿ, ನಡೆಯಿರಿ. ಲೇಔಟ್ ಪಾರ್ಕಿನಲ್ಲಿ ಓಪನ್ ಜಿಮ್ ಇರುತ್ತದೆ, ಮಕ್ಕಳ ಆಟದ ಜಾಗ ಇರುತ್ತದೆ, ಗಣಪತಿ ಗುಡಿ ಇರುತ್ತದೆ, ಎಲ್ಲೋ ಒಂದು ಕನ್ನಡ ಧ್ವಜದ ಕಟ್ಟೆ, ವರನಟನ ಪ್ರತಿಮೆ ಇರುತ್ತದೆ. ಅದರ ಫೋಟೋ ತೆಗೆದು ಕಳಿಸಿ, ಯಾರು ಬೇಡ ಅಂದರು?

ಕಲ್ಲು ಬೇಕೇ ಬೇಕಾ? ನಿಮ್ಮ ಊರಿನಲ್ಲೇ ಇದೆ. ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲಿ ಬೆಂಗಳೂರು ಅನ್ನುವ ಹೆಸರು ಇರುವ ಶಾಸನ ಇದೆ, ಸುಮಾರು 890ನೇ ಇಸವಿಯದು. ಹೆಬ್ಬಾಳದಲ್ಲಿ 2018ರಲ್ಲಿ ಕಿತ್ತಯ್ಯ ಅನ್ನುವ ವೀರನ ಕಲ್ಲು ಸಿಕ್ಕಿತು, ಅದು ಸುಮಾರು 750ರದ್ದು. ಆ ಕಲ್ಲು ಆ ಜಾಗದಲ್ಲೇ ಸಿಕ್ಕಿದ್ದಕ್ಕೆ ಹೆಬ್ಬಾಳ ಎಷ್ಟು ಹಳೇದು ಅಂತ ನಮಗೆ ಗೊತ್ತಾಗಿದ್ದು. ಅದೇ ಕಲ್ಲಿನ ಫೋಟೋ ತೆಗೆದು ವೈಟ್‌ಫೀಲ್ಡಿನಲ್ಲಿದೆ ಅಂದರೆ ಏನು ಉಳಿಯಿತು ಹೇಳಿ? ನಮ್ಮೂರ ಕಲ್ಲಿನವನಿಗೆ ಹೆಸರೂ ಇಲ್ಲ, ಅವನಿಗೆ ಇರುವುದು ಅವನು ಸತ್ತ ಊರು ಒಂದೇ. ಅದನ್ನೂ ನೀವು ತೆಗೆದುಕೊಂಡಿರಿ.

ಆ ಅಪಾರ್ಟ್‌ಮೆಂಟಿನ ನಾಮಿನೇಷನ್ ಅನ್ನು ನಾನು ರಿಜೆಕ್ಟ್ ಮಾಡಿದ್ದೇನೆ, ನಮ್ಮೂರ ಸ್ಟಾಪಿನ ಲಿಂಕ್ ಹಾಕಿ ರಿಪೋರ್ಟ್ ಕೂಡ ಮಾಡಿದ್ದೇನೆ. ಕಳಿಸಿದವರು ಯಾರು ಅಂತ ನನಗೆ ಕಾಣುವುದಿಲ್ಲ, ಆದರೆ ನೀವು ಕನ್ನಡದವರೇ, ವಿವರ ಬರೆದ ರೀತಿಯಲ್ಲೇ ಗೊತ್ತಾಗುತ್ತದೆ, ಇದನ್ನು ಓದಿದರೂ ಓದಬಹುದು. ಇದೇ ಫೋಟೋ ಬೇರೆ ಜಾಗದಲ್ಲಿ ಹಾಕಿದ್ದರೆ ಈಗಲೇ ವಾಪಸ್ ತೆಗೆದುಕೊಳ್ಳಿ. ವೇಫೇರರ್ ವೆಬ್‌ಸೈಟಿನಲ್ಲಿ ನಿಮ್ಮ ಏರಿಯಾವನ್ನೇ ಬೋನಸ್ ಜಾಗ, ಅಂದರೆ ನಮ್ಮೂರಿನ ಜೊತೆ ರಿವ್ಯೂ ಮಾಡಲು ಆರಿಸಿಕೊಂಡ ಇನ್ನೊಂದು ಜಾಗ ಅಂತ ಇಟ್ಟುಕೊಂಡು ಕೂತಿದ್ದೇನೆ, ಮತ್ತೆ ಬಂದರೆ ಮತ್ತೆ ರಿಪೋರ್ಟ್ ಮಾಡುತ್ತೇನೆ.