ತುರ್ತು ಶಸ್ತ್ರಕ್ರಿಯೆಯನ್ನು ಕಂಪ್ಯೂಟರ್ ಪರದೆಯ ಮೇಲೆ ಕಲಿಸಬಹುದೇ?

ಪರ

ಚಿತ್ರದುರ್ಗ ಮತ್ತು ದಾವಣಗೆರೆಯ ನಡುವೆ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಬೈಕ್ ಲಾರಿಗೆ ಗುದ್ದಿ, ಪಕ್ಕೆಲುಬು ಮುರಿದು, ಎದೆಗೂಡಿನೊಳಗೆ ಗಾಳಿ ತುಂಬಿಕೊಂಡ ಗಾಯಾಳುವನ್ನು ರಾತ್ರಿ ಎರಡು ಗಂಟೆಗೆ ಕ್ಯಾಶುವಾಲ್ಟಿಗೆ ತಂದಾಗ, ಅವನನ್ನು ಮೊದಲು ಮುಟ್ಟುವುದು ಬಹುಪಾಲು ಹೌಸ್ ಸರ್ಜನ್ ಅಥವಾ ಮೊದಲ ವರ್ಷದ ಪಿಜಿ ವಿದ್ಯಾರ್ಥಿಯ ಕೈ. ಹಿರಿಯರು ಬರುವುದರೊಳಗೆ ಆ ಗಾಳಿಯನ್ನು ಹೊರಬಿಡದಿದ್ದರೆ ಹೃದಯಕ್ಕೆ ರಕ್ತ ಮರಳುವುದೇ ನಿಂತುಹೋಗಬಹುದು. ಆ ಕೈಗೆ ಅದೇ ಮೊದಲ ಪಾಠವಾಗಬಾರದು.

ಉಸಿರುನಾಳಕ್ಕೆ ಕೊಳವೆ ಇಳಿಸಲಾಗದಾಗ ಕತ್ತಿನ ಮುಂಭಾಗವನ್ನು ಕೊಯ್ದು ದಾರಿ ಮಾಡುವ ಕ್ರೈಕೋಥೈರಾಯ್ಡಾಟಮಿಯಂತೂ ಪಿಜಿಯ ಮೂರು ವರ್ಷಗಳಲ್ಲಿ ಒಮ್ಮೆಯೂ ಎದುರಾಗದೆ ಹೋಗಬಹುದು; ಎದುರಾದ ದಿನ ಮಾತ್ರ ಸಿಗುವುದು ಕೆಲವೇ ನಿಮಿಷ. ನೋಡಿ ಕಲಿಯಲು ರೋಗಿಯೇ ಸಿಗದ ಇಂಥ ಕೌಶಲವನ್ನು, ಶಸ್ತ್ರಕ್ರಿಯೆಯನ್ನು ಪರದೆಯ ಮೇಲೆ ಅನುಕರಿಸುವ ಯಂತ್ರವಾದ ಸಿಮ್ಯುಲೇಟರ್ ಹತ್ತು ಬಾರಿ ಮಾಡಿಸುತ್ತದೆ, ಬಿಪಿ ಇಳಿಯುವುದನ್ನು ತೋರಿಸುತ್ತದೆ, ತಪ್ಪಿದ ಹೆಜ್ಜೆಯನ್ನು ದಾಖಲಿಸುತ್ತದೆ. 2002ರಲ್ಲಿ ಪ್ರಕಟವಾದ ಯೇಲ್ ವಿಶ್ವವಿದ್ಯಾಲಯದ ಅಧ್ಯಯನದಲ್ಲಿ, ಕಂಪ್ಯೂಟರಿನಲ್ಲಿ ತರಬೇತಿ ಪಡೆದವರು ಪಿತ್ತಕೋಶವನ್ನು ಬಿಡಿಸುವ ಕೆಲಸವನ್ನು ಶೇ. 29ರಷ್ಟು ಬೇಗ ಮುಗಿಸಿದ್ದರು. ಪಿತ್ತಕೋಶಕ್ಕೆ ಗಾಯವಾಗುವ ಅಥವಾ ಅಕ್ಕಪಕ್ಕದ ಅಂಗಾಂಶ ಸುಡುವ ಸಂಭವ ತರಬೇತಿಯಿಲ್ಲದವರಲ್ಲಿ ಐದು ಪಟ್ಟು ಹೆಚ್ಚಿತ್ತು.

ವಿರೋಧ

ಅಭ್ಯಾಸವೇ ಬೇಡವೆಂದು ನಾನು ಹೇಳುತ್ತಿಲ್ಲ. ಹಂತಗಳ ಕ್ರಮವನ್ನು ಮನಸ್ಸಿನಲ್ಲಿ ಕೂರಿಸಲು ಪರದೆ ಒಳ್ಳೆಯದೇ. ಆದರೆ ಯೇಲ್‌ನ ಅಧ್ಯಯನದಲ್ಲಿದ್ದವರು 16 ಮಂದಿ, ಅವರು ಮಾಡಿದ್ದು ಲ್ಯಾಪರೋಸ್ಕೋಪಿ, ಅಂದರೆ ಸಣ್ಣ ರಂಧ್ರಗಳ ಮೂಲಕ ಕ್ಯಾಮೆರಾ ಇಳಿಸಿ ಮಾಡುವ ಶಸ್ತ್ರಕ್ರಿಯೆ. ಅಲ್ಲಿ ವೈದ್ಯರು ನಿಜವಾದ ಶಸ್ತ್ರಕ್ರಿಯೆಯನ್ನೂ ಪರದೆ ನೋಡಿಕೊಂಡೇ ಮಾಡುವುದರಿಂದ ಪರದೆಯ ಪಾಠ ಹೊಂದುತ್ತದೆ. ಆ ಫಲಿತಾಂಶವನ್ನು ತಂದು ಕ್ಯಾಶುವಾಲ್ಟಿಯ ಕೆಲಸಕ್ಕೆ ಅಂಟಿಸುವುದು ಸರಿಯಲ್ಲ.

ತುಂಬಿಕೊಂಡ ಗಾಳಿಯನ್ನು ಹೊರಬಿಡಲು ಎದೆಗೆ ಕೊಳವೆ ಹಾಕುವ ಐಸಿಡಿಯನ್ನೇ ನೋಡಿ. ಕಂಕುಳ ಕೆಳಗೆ, ಐದನೆಯ ಪಕ್ಕೆಲುಬಿನ ಆಸುಪಾಸಿನ ಸಂದಿಯಲ್ಲಿ, ಕೆಳಗಿನ ಎಲುಬಿನ ಮೇಲಂಚನ್ನು ಹಿಡಿದೇ ಒಳಹೋಗಬೇಕು, ಏಕೆಂದರೆ ಮೇಲಿನ ಎಲುಬಿನ ಅಡಿಯಲ್ಲಿ ರಕ್ತನಾಳವೂ ನರವೂ ಇವೆ. ಫೋರ್ಸೆಪ್ಸ್‌ನಿಂದ ಸ್ನಾಯು ಬಿಡಿಸಿ ಒತ್ತುತ್ತಿದ್ದಂತೆ ಪೊರೆ ಸಟ್ಟನೆ ಬಿಟ್ಟುಕೊಡುತ್ತದೆ, ಗಾಳಿ ಬುಸ್ಸೆಂದು ಹೊರಬರುತ್ತದೆ. ಆಮೇಲೆ ಬೆರಳನ್ನೇ ಒಳಗಿಟ್ಟು ತಿರುಗಿಸಿ, ಶ್ವಾಸಕೋಶ ಎದೆಗೋಡೆಗೆ ಅಂಟಿಕೊಂಡಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ರಕ್ತದಿಂದ ಗ್ಲೌಸ್ ಜಾರುತ್ತಿರುವಾಗ ಎಷ್ಟು ಒತ್ತಬೇಕು, ಎಲ್ಲಿ ತಡೆಯಬೇಕು ಎಂಬುದನ್ನು ಕಲಿಯುವುದು ಬೆರಳು, ಕಣ್ಣಲ್ಲ.

ಇದಕ್ಕೆ ದುಬಾರಿ ಯಂತ್ರವೂ, ವರ್ಷವರ್ಷದ ಅದರ ನಿರ್ವಹಣೆಯೂ ಬೇಕಿಲ್ಲ. ದಾವಣಗೆರೆಯ ಯಾವುದೇ ಮಟನ್ ಅಂಗಡಿಯಿಂದ ಕುರಿಯ ಪಕ್ಕೆಯ ಇಡೀ ತುಂಡನ್ನು ತಂದು, ತಟ್ಟೆಯ ಮೇಲೆ ಕಟ್ಟಿಟ್ಟರೆ, ಒಂದು ಮಧ್ಯಾಹ್ನದಲ್ಲಿ ಹತ್ತು ವಿದ್ಯಾರ್ಥಿಗಳು ಎಲುಬಿನ ಅಂಚನ್ನು ಬೆರಳಿನಿಂದ ಹುಡುಕಿ, ಕೊಯ್ದು, ಕೊಳವೆ ಹಾಕಿ, ಹೊಲಿದು ಭದ್ರಪಡಿಸುವುದನ್ನು ಕಲಿಯಬಹುದು. ಯಂತ್ರಕ್ಕೆಂದು ತೆಗೆದಿಟ್ಟ ಹಣವಿದ್ದರೆ, ಅದರಿಂದ ರಾತ್ರಿಪಾಳಿಗೆ ಇನ್ನೊಬ್ಬ ಅನುಭವಿ ಸರ್ಜನ್‌ನನ್ನು ನೇಮಿಸಿ: ಹೊಸಬರು ಮೊದಲ ಐಸಿಡಿ ಹಾಕುವಾಗ ಅವರ ಮಣಿಕಟ್ಟು ಹಿಡಿದು, “ಇನ್ನು ಸ್ವಲ್ಪ ಮೇಲೆ, ಹಾಂ, ಈಗ ಒತ್ತು” ಎನ್ನಲು.