ಅಜ್ಜ ಬಿನ್ ಮುತ್ತಜ್ಜ, 2 ಎಕರೆ 20 ಗುಂಟೆ

ಕರ್ನಾಟಕದ ಬಲಿಷ್ಠ ಭೂಮಾಲೀಕ ಸಮುದಾಯ ಯಾವುದು? ಜಾತಿಗಣತಿ ವರದಿ ಹುಡುಕಬೇಡಿ, ಅದರಲ್ಲಿ ಸಿಗುವುದಿಲ್ಲ. ಸತ್ತವರ ಸಮುದಾಯ. ಪಹಣಿಗೆ ಆಧಾರ್ ಜೋಡಿಸಲು ಕಂದಾಯ ಇಲಾಖೆ ಹೊರಟಾಗ ಲಕ್ಷಗಟ್ಟಲೆ ಖಾತೆದಾರರು ಒಟಿಪಿ ಹೇಳಲು ಬರಲೇ ಇಲ್ಲ. ವಿಚಾರಿಸಿದರೆ ಎಲ್ಲರೂ ಎಂದೋ ಶಿವನ ಪಾದ ಸೇರಿದವರು. ಕೊನೆಗೆ ಸರ್ಕಾರವೇ ಪೌತಿ ಖಾತೆ ಆಂದೋಲನ ಅಂತ ಶುರು ಮಾಡಿತು. ಜಮೀನನ್ನು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ ಸ್ವಾಮಿ ಅಂತ ಸರ್ಕಾರ ನಮ್ಮ ಹಿಂದೆ ಬೀಳಬೇಕಾಯಿತು. ಆಸ್ತಿಗಾಗಿ ತಲೆ ಒಡೆದುಕೊಳ್ಳುವ ಜನಕ್ಕೆ ಆಸ್ತಿ ಬರೆಸಿಕೊಳ್ಳಲು ಆಂದೋಲನ ಬೇಕು!

ಒಂದು ಪಹಣಿ ತೆಗೆದು ನೋಡೋಣ. ಹಳೇ ಮೈಸೂರು ಕಡೆಯ ಯಾವ ಹೋಬಳಿಯದಾದರೂ ಆದೀತು. 9ನೇ ಕಾಲಂನಲ್ಲಿ ಸ್ವಾಧೀನದಾರರ ಹೆಸರು: ಅಜ್ಜ ಬಿನ್ ಮುತ್ತಜ್ಜ, 2 ಎಕರೆ 20 ಗುಂಟೆ. 11ನೇ ಕಾಲಂನಲ್ಲಿ ಅಜ್ಜನ ಕಾಲದ ಸೊಸೈಟಿ ಸಾಲ, ಅದರ ಕೆಳಗೆ ಕೋರ್ಟಿನ ತಡೆಯಾಜ್ಞೆ. 12ನೇ ಕಾಲಂ ಸಾಗುವಳಿಯದು. ಅಲ್ಲಿ 'ಸ್ವಂತ' ಅಂತಿದೆ. ಅಂದರೆ ಅಜ್ಜ ಈಗಲೂ ಖುದ್ದಾಗಿ ಉಳುತ್ತಿದ್ದಾನೆ. ಬೆಳೆ: ರಾಗಿ. ಜಾಗಕ್ಕೆ ಹೋಗಿ ನೋಡಿದರೆ ಇರುವುದು ಲಂಟಾನ, ಪಾರ್ಥೇನಿಯಂ, ಮತ್ತೆ ಪಕ್ಕದ ಹೊಲದವನ ಎರಡು ಹಸು.

ಅಜ್ಜನ ಹೆಸರು ಅಲ್ಲೇ ಇರುವುದಕ್ಕೆ ಕಾರಣ ಸೋಮಾರಿತನ ಅಂದುಕೊಂಡರೆ ತಪ್ಪು. ಮರಣ ಪ್ರಮಾಣಪತ್ರ, ವಂಶವೃಕ್ಷ, ಒಂದು ಅರ್ಜಿ ಕೊಟ್ಟರೆ ವಾರಸುದಾರರೆಲ್ಲರ ಹೆಸರಿಗೆ ಜಂಟಿ ಖಾತೆ ಮಾಡಿಸಬಹುದು. ಆದರೆ ಜಂಟಿ ಅನ್ನುವ ಮಾತೇ ಯಾರಿಗೂ ಆಗಿಬರುವುದಿಲ್ಲ. ಖಾತೆ ಸತ್ತವನ ಹೆಸರಲ್ಲಿದ್ದರೆ ಪಿಎಂ ಕಿಸಾನ್‌ನ ವರ್ಷದ 6,000 ರೂಪಾಯಿ ಬರುವುದಿಲ್ಲ. ಸರ್ಕಾರ ರೈತರಿಗೆ ಕೊಡುವ ನೋಂದಣಿ ಸಂಖ್ಯೆ, ಫ್ರೂಟ್ಸ್ ಐಡಿ, ಸಿಗುವುದಿಲ್ಲ, ಅದಿಲ್ಲದೆ ಬರ ಪರಿಹಾರ ಇಲ್ಲ. ಬ್ಯಾಂಕಿನವರು ಬೆಳೆ ಸಾಲದ ಅರ್ಜಿ ಮುಟ್ಟುವುದಿಲ್ಲ. ಇದೆಲ್ಲ ಮೂವರು ಅಣ್ಣತಮ್ಮಂದಿರಿಗೂ ಚೆನ್ನಾಗಿ ಗೊತ್ತು. ಅವರ ಲೆಕ್ಕ ಬೇರೆ. ನನಗೆ ಬರದಿದ್ದರೂ ಚಿಂತೆಯಿಲ್ಲ, ಅವನಿಗೆ ಬರಬಾರದು. ಅಜ್ಜ ಒಬ್ಬನ ಮೇಲೆ ಮಾತ್ರ ಎಲ್ಲರಿಗೂ ನಂಬಿಕೆ. ಅವನು ಯಾರಿಗೂ ಮಾರುವುದಿಲ್ಲ.

ವಂಶವೃಕ್ಷದ ವಿಷಯಕ್ಕೆ ಬರೋಣ. ಅಜ್ಜನಿಗೆ ಮೂವರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು. ಮೊದಲ ಸಲ ಬರೆಸಿದ ವಂಶವೃಕ್ಷದಲ್ಲಿ ಮೂರೇ ಹೆಸರು. ಹೆಣ್ಣುಮಕ್ಕಳು ಹುಟ್ಟೇ ಇರಲಿಲ್ಲ. ಅವರ ಮದುವೆಗೆ ಮಾಡಿದ ಸಾಲದ ಲೆಕ್ಕ ಮಾತ್ರ ಹಿರಿಯಣ್ಣನ ಬಾಯಲ್ಲಿ ಪೈಸೆ ಸಮೇತ ಇದೆ.

ಕಾನೂನಿನ ಕಡೆಯಿಂದ ಕರ್ನಾಟಕ ಹಿಂದೆ ಬಿದ್ದಿಲ್ಲ. ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಸಮಪಾಲು ಅಂತ ಇಲ್ಲಿ 1994ರಲ್ಲೇ ಆಗಿತ್ತು, ಅದಕ್ಕೆ ಮೊದಲೇ ಮದುವೆಯಾದವರನ್ನು ಬಿಟ್ಟು. ಕೇಂದ್ರಕ್ಕೆ ಬುದ್ಧಿ ಬಂದಿದ್ದು 2005ರಲ್ಲಿ. ಆಗ ಮದುವೆಯ ಷರತ್ತೂ ಹೋಯಿತು. ಆದರೂ 'ಅಪ್ಪ 2005ಕ್ಕೆ ಮೊದಲೇ ಹೋಗಿಬಿಟ್ಟಿದ್ದರಲ್ಲ' ಅಂತ ಒಂದು ಕಿಂಡಿ ಉಳಿದಿತ್ತು. 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನೂ ಮುಚ್ಚಿತು. ಅಣ್ಣಂದಿರಿಗೆ ತಂಗಿಯರ ಮೇಲೆ ಪ್ರೀತಿ ಉಕ್ಕಲು ಶುರುವಾಗಿದ್ದು ಆಮೇಲೆಯೇ.

ಆ ಪ್ರೀತಿ ನೋಡಬೇಕೆಂದರೆ ಯಾವುದಾದರೂ ಉಪನೋಂದಣಿ ಕಚೇರಿಗೆ ಹೋಗಿ. ಗೌರಿ ಹಬ್ಬಕ್ಕೆ ನೂರು ರೂಪಾಯಿ ಫೋನ್‌ಪೇ ಮಾಡಿ ಕೈ ತೊಳೆದುಕೊಳ್ಳುತ್ತಿದ್ದ ಅಣ್ಣ ಅವತ್ತು ಕಾರು ಮಾಡಿಕೊಂಡು ತಂಗಿಯ ಮನೆಗೇ ಬಂದಿರುತ್ತಾನೆ. ದಾರಿಯಲ್ಲಿ ಇಡ್ಲಿ, ಕಾಫಿ. ಕೈಯಲ್ಲಿ ಜರಿ ಸೀರೆಯ ಕವರ್. 'ನಿಂಗೇನವ್ವ ಕಮ್ಮಿ ಆಗೈತೆ? ಭಾವ ಸಂಪಾದಿಸೋದೇ ಸಾಕು.' ಭಾವ ಪಕ್ಕದಲ್ಲಿ ನಿಂತು ಪಾನ್ ಕಾರ್ಡ್ ಜೆರಾಕ್ಸ್ ನೋಡುತ್ತಾನೆ. ತಂಗಿ ಏನೋ ಹೇಳಲು ಬಾಯಿ ತೆರೆದರೆ ಅತ್ತಿಗೆಯ ಪ್ರಶ್ನೆ ಸಿದ್ಧವಾಗಿರುತ್ತದೆ. 'ತವರು ಬೇಕಾ, ಪಾಲು ಬೇಕಾ?' ಕ್ಯಾಮೆರಾ ಮುಂದೆ ಮುಖ, ಯಂತ್ರದ ಮೇಲೆ ಹೆಬ್ಬೆಟ್ಟು. ಹಕ್ಕು ಬಿಡುಗಡೆ ಪತ್ರ ಮುಗಿಯಿತು. ಅದರಲ್ಲಿ 'ಯಾರ ಬಲವಂತವೂ ಇಲ್ಲದೆ, ಸ್ವಇಚ್ಛೆಯಿಂದ' ಅಂತ ಪತ್ರ ಬರಹಗಾರ ಮೊದಲೇ ಟೈಪು ಮಾಡಿಟ್ಟಿರುತ್ತಾನೆ.

ಈ ಸೀರೆಯ ಲೆಕ್ಕವನ್ನು ನಾನು ಸುಮ್ನೆ ಒಮ್ಮೆ ಹಾಕಿ ನೋಡಿದೆ. ಒಂದು ಗುಂಟೆ ಅಂದರೆ 33 ಅಡಿಗೆ 33 ಅಡಿ, 1,089 ಚದರಡಿ. ಗುಂಟೆಗೆ 16 ಆಣೆ. ಒಂದು ಆಣೆಗೆ 68 ಚದರಡಿ. ಆರು ಗಜದ ಸೀರೆ ಬಿಚ್ಚಿ ಹಾಸಿದರೆ 18 ಅಡಿ ಉದ್ದ, ಕಾಲಡಿ ಕಡಿಮೆ ನಾಲ್ಕಡಿ ಅಗಲ. ಹತ್ತಿರ ಹತ್ತಿರ 68 ಚದರಡಿ! ತಂಗಿ ಬಿಟ್ಟುಕೊಟ್ಟದ್ದು 20 ಗುಂಟೆ, ಪಡೆದದ್ದು ಒಂದು ಆಣೆ. ಅಣ್ಣನ ಅಳತೆ ಸರ್ವೆಯವರ ಅಳತೆಗಿಂತ ಕರಾರುವಾಕ್ಕು.

ಇಬ್ಬರಲ್ಲಿ ಒಬ್ಬಳು ಸೀರೆ ಮುಟ್ಟಲಿಲ್ಲ. ವಕೀಲರನ್ನು ಹಿಡಿದಳು. ಅವತ್ತಿನಿಂದ ಊರಲ್ಲಿ ಅವಳಿಗೆ 'ಆಸ್ತಿ ಆಸೆ ಬಿದ್ದವಳು' ಅಂತ ಹೆಸರು. ಮೂವತ್ತು ವರ್ಷದಿಂದ ಅದೇ ಆಸ್ತಿಗೆ ಒಬ್ಬರ ಮುಖ ಒಬ್ಬರು ನೋಡದ ಗಂಡಸರಿಗೆ ಮಾತ್ರ ಆಸೆ ಇಲ್ಲ, ಅವರಿಗಿರುವುದು 'ಹಿರೀಕರ ಭೂಮಿಯ ಮೇಲಿನ ಅಭಿಮಾನ'.

ಅಭಿಮಾನ ಅಂದಮೇಲೆ ಪಿತ್ರಾರ್ಜಿತ, ಸ್ವಯಾರ್ಜಿತದ ಜಗಳವನ್ನೂ ಹೇಳಲೇಬೇಕು. ಕಾನೂನಿನ ಪುಸ್ತಕದಲ್ಲಿ ಇದಕ್ಕೆ ಉದ್ದದ ವಿವರಣೆ ಇದೆ. ಮನೆಗಳಲ್ಲಿ ಚಿಕ್ಕ ಸೂತ್ರ ಸಾಕು: ನನ್ನ ಹತ್ತಿರ ಇರುವುದು ಸ್ವಯಾರ್ಜಿತ, ನಿನ್ನ ಹತ್ತಿರ ಇರುವುದು ಪಿತ್ರಾರ್ಜಿತ. ಬೆಂಗಳೂರಿನ ತಮ್ಮನಿಗೆ ಊರಿನ ಹೊಲದಲ್ಲಿ ಪಾಲು ಬೇಕು, ಅವನ ಸೈಟಿನ ಸುದ್ದಿ ಎತ್ತಬಾರದು. ಊರಿನ ಅಣ್ಣನ ಪ್ರಕಾರ ಆ ಸೈಟು ಬಂದದ್ದೇ ಹೊಲದ ಕಬ್ಬಿನ ದುಡ್ಡಿನಿಂದ. ಅದೇ ಕಬ್ಬಿನ ದುಡ್ಡಲ್ಲಿ ಅಣ್ಣ ತಗೊಂಡ ಟ್ರ್ಯಾಕ್ಟರ್ ಮಾತ್ರ ಅವನ ಬೆವರಿನದು.

ಅಜ್ಜಿ ಇರುವ ತನಕ ಅವಳನ್ನೂ ಪಾಲು ಮಾಡಿಕೊಂಡಿದ್ದರು. ತಿಂಗಳಿಗೊಬ್ಬ ಮಗ. 31 ದಿನದ ತಿಂಗಳು ಯಾರಿಗೆ ಅನ್ನುವುದಕ್ಕೆ ಪಂಚಾಯ್ತಿ ಸೇರಿತು. ಫೆಬ್ರವರಿ ನನಗಿರಲಿ ಅಂತ ಮೂವರೂ ಒಟ್ಟಿಗೆ ಕೈ ಎತ್ತಿದರು. ಅಜ್ಜಿಯ ವಿಷಯದಲ್ಲಿ ಒಂದಾಣೆ ಜಾಸ್ತಿ ಕೊಡಿ ಅಂತ ಯಾರೂ ತಕರಾರು ತೆಗೆಯಲಿಲ್ಲ, ತಡೆಯಾಜ್ಞೆಯನ್ನೂ ತರಲಿಲ್ಲ.

ಕೋರ್ಟಿನ ಕಥೆ ಕೇಳಿ. ಪಾಲಿನ ದಾವೆಯಲ್ಲಿ ಮೊದಲು ಬರುವುದು ಪ್ರಾಥಮಿಕ ಡಿಕ್ರಿ. ನಿನಗೆ ಐದರಲ್ಲಿ ಒಂದು ಪಾಲು ಇದೆ ಅಂತ ಅದು ಹೇಳುತ್ತದೆ. ಆ ಪಾಲು ಹೊಲದ ಯಾವ ಮೂಲೆಯಲ್ಲಿದೆ ಅನ್ನುವುದು ಅಂತಿಮ ಡಿಕ್ರಿಯ ಕೆಲಸ. ಅದಕ್ಕೆ ಬೇರೆ ಅರ್ಜಿ, ಬೇರೆ ನಂಬರು, ಬೇರೆ ಫೀಸು. ಹೀಗೆ ಬೇರೆ ಅರ್ಜಿಗೆ ಕಾಯದೆ ಕೋರ್ಟುಗಳೇ ಮುಂದುವರಿಸಲಿ ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಸುದ್ದಿ ತಾಲ್ಲೂಕಿಗೆ ಬರುವ ಬಸ್ಸು ಇನ್ನೂ ದಾರಿಯಲ್ಲಿದೆ.

ಅಷ್ಟರಲ್ಲಿ ದಾವೆ ಹಾಕಿದವರೇ ಒಬ್ಬೊಬ್ಬರಾಗಿ ಹೋಗುತ್ತಾರೆ. ಒಂದನೇ ಪ್ರತಿವಾದಿ ತೀರಿಕೊಂಡರೆ ಅವನ ಜಾಗಕ್ಕೆ 1(ಎ), 1(ಬಿ), 1(ಸಿ) ಬರುತ್ತಾರೆ. 1(ಬಿ) ಕೂಡ ಹೋದರೆ ಅವನ ಎಂಟು ತಿಂಗಳ ಕೂಸು ತಾಯಿಯ ತೊಡೆಯ ಮೇಲೆ ಕೂತು ಪ್ರತಿವಾದಿಯಾಗುತ್ತದೆ. ಹಲ್ಲು ಬರುವ ಮೊದಲೇ ಅದಕ್ಕೆ ವಕೀಲರು ಬಂದಿರುತ್ತಾರೆ. ಐದು ಜನರ ದಾವೆಯಲ್ಲಿ ಈಗ 17 ಹೆಸರು. ಸಮನಾಗಿ ಹಂಚಿದರೂ ತಲೆಗೆ ಆರು ಗುಂಟೆ ಆಗುವುದಿಲ್ಲ. 2015-16ರ ಕೃಷಿ ಗಣತಿಯ ಪ್ರಕಾರ ರಾಜ್ಯದಲ್ಲಿ ಒಂದು ಹಿಡುವಳಿಯ ಸರಾಸರಿ 1.36 ಹೆಕ್ಟೇರ್, ಅಂದರೆ 3 ಎಕರೆ 14 ಗುಂಟೆ. ಅದರಲ್ಲಿ ಎಷ್ಟು ಕಡೆ ಉಳುವವನು ಯಾರು, ಕೋರ್ಟಿಗೆ ಅಲೆಯುವವನು ಯಾರು ಅಂತ ಗಣತಿಯವರು ಕೇಳುವುದಿಲ್ಲ.

ಹೊಲದಲ್ಲಿ ಒಂದು ಬಾವಿ ಇತ್ತು. ಅದರ ನೀರು ಯಾರಿಗೆ ಎಷ್ಟು ತಾಸು ಅಂತಲೂ ವಾದ ನಡೆಯಿತು. ತ್ರೀ ಫೇಸ್ ಕರೆಂಟ್ ಕೊಡುವುದೇ ಏಳು ತಾಸು, ಅದನ್ನು ಐದು ಪಾಲು ಮಾಡುವುದು ಹೇಗೆ ಅಂತ ಎರಡೂ ಕಡೆಯ ವಕೀಲರು ಲೆಕ್ಕ ಕೊಟ್ಟರು. ತೀರ್ಪು ಬರುವ ಹೊತ್ತಿಗೆ ಬಾವಿಯಲ್ಲಿ ನೀರಿರಲಿಲ್ಲ. ಮೋಟಾರೂ ಇರಲಿಲ್ಲ. ಆದರೂ ಇಬ್ಬರು ಮೇಲ್ಮನವಿ ಹಾಕಿದರು.

ಹೀಗಿರುವಾಗ ಹೊಸ ರಸ್ತೆ ಬರುತ್ತಂತೆ ಅಂತ ಸುದ್ದಿ ಹಬ್ಬಿತು. ನೋಟಿಫಿಕೇಶನ್‌ನಲ್ಲಿ ಸರ್ವೆ ನಂಬರ್ ಕಾಣಿಸಿದ ದಿನವೇ 'ನಮ್ಮ ಕುಟುಂಬ' ಅಂತ ವಾಟ್ಸಾಪ್ ಗುಂಪು ಹುಟ್ಟಿತು. ತಿಥಿಗೆ ಬಾರದವರು ಗುಡ್ ಮಾರ್ನಿಂಗ್ ಕಳಿಸತೊಡಗಿದರು. ತಕರಾರಿನ ಜಮೀನಾದ್ದರಿಂದ ಪರಿಹಾರದ ಹಣ ಕೈಗೆ ಸಿಗುವುದಿಲ್ಲ, ಕೋರ್ಟಿನಲ್ಲಿ ಠೇವಣಿ ಬೀಳುತ್ತದೆ ಅಂತ ವಕೀಲರು ಹೇಳಿದ ಮೇಲೆ ಗುಡ್ ಮಾರ್ನಿಂಗ್ ನಿಂತಿತು.

ಗುಂಪಿನಲ್ಲಿ ಈಗ ಉಳಿದಿರುವ ಉತ್ಸಾಹಿ ಒಬ್ಬನೇ. ವೈಟ್‌ಫೀಲ್ಡ್‌ನ ಸಾಫ್ಟ್‌ವೇರ್ ಕಂಪನಿಯಲ್ಲಿರುವ ಮೊಮ್ಮಗ, ದಾಖಲೆಯಲ್ಲಿ 2(ಸಿ). ಹೊಲ ಒಂದ್ಸಲವೂ ನೋಡಿಲ್ಲ. ಮುಂದಿನ ಭಾನುವಾರ ಬರ್ತೀನಿ, ಲೊಕೇಶನ್ ಕಳಿಸಿ ಅಂತ ಬರೆದ. ದೊಡ್ಡಪ್ಪ ಒಂದು ಕಳಿಸಿದರು, ಚಿಕ್ಕಪ್ಪ ಇನ್ನೊಂದು, ಅತ್ತೆ ಮತ್ತೊಂದು. ಮೂರೂ ಬೇರೆ ಬೇರೆ. ಒಂದಂತೂ ಪಕ್ಕದ ಹಳ್ಳಿಯ ಸ್ಮಶಾನದ್ದು.