ಟಿಕೆಟ್‌ನಲ್ಲಿರುವ ಟೈಮು ಯಾವ ಊರಿನದು?

ದಾವಣಗೆರೆ, ಚಿತ್ರದುರ್ಗದ ಎಷ್ಟೋ ಮನೆಗಳ ಮಕ್ಕಳು ಈಗ ಅಮೆರಿಕದಲ್ಲಿದ್ದಾರೆ. ನೋಡಲು ಹೊರಟ ಅಪ್ಪ ಅಮ್ಮ ಮೊದಲು ಕೇಳುವುದು ‘ಎಷ್ಟು ಕಿಲೋಮೀಟರ್?’ ಅಂತ. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ನೇರ ದೂರ ಸುಮಾರು 14 ಸಾವಿರ ಕಿ.ಮೀ. ಆದರೆ ಈ ಅಂಕಿಯಿಂದ ಪ್ರಯಾಣಿಕರಿಗೆ ಹೆಚ್ಚೇನೂ ಪ್ರಯೋಜನವಿಲ್ಲ. ನೋಡಬೇಕಾದ್ದು ಗಂಟೆ.

ಮಧ್ಯಾಹ್ನ 2.30ಕ್ಕೆ ಬೆಂಗಳೂರು, ಅದೇ ದಿನ ಸಂಜೆ 5ಕ್ಕೆ ಸ್ಯಾನ್ ಫ್ರಾನ್ಸಿಸ್ಕೊ ಅಂತ ಟಿಕೆಟ್‌ನಲ್ಲಿ ಇದೆ ಅಂದುಕೊಳ್ಳಿ. ಎರಡೂವರೆ ಗಂಟೆಯ ದಾರಿಯಲ್ಲ ಅದು. ಹೊರಡುವ ಟೈಮು ಹೊರಡುವ ಊರಿನದು, ಮುಟ್ಟುವ ಟೈಮು ಮುಟ್ಟುವ ಊರಿನದು. ಚಳಿಗಾಲದಲ್ಲಿ ಕ್ಯಾಲಿಫೋರ್ನಿಯಾ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. ಸಂಜೆ 5ಕ್ಕೆ ಅಷ್ಟನ್ನು ಕೂಡಿಸಿದರೆ ನಮ್ಮಲ್ಲಿ ಮಾರನೆಯ ದಿನ ಬೆಳಗ್ಗೆ 6.30. ಅಂದರೆ ಪ್ರಯಾಣ 16 ಗಂಟೆ. ಮಾರ್ಚ್ ಎರಡನೇ ಭಾನುವಾರದಿಂದ ನವೆಂಬರ್ ಮೊದಲ ಭಾನುವಾರದವರೆಗೆ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ, ಆಗ ಹನ್ನೆರಡೂವರೆ ಕೂಡಿಸಿದರೆ ಸಾಕು. ವಿಮಾನ ಗೇಟ್ ಬಿಟ್ಟು ರನ್‌ವೇಗೆ ಹೋಗುವ, ಇಳಿದು ಗೇಟಿಗೆ ಬರುವ ಹೊತ್ತೂ ಈ ಪ್ರಯಾಣದ ಗಂಟೆಗಳಲ್ಲೇ ಸೇರಿದೆ.

ದಾರಿ ಗೊತ್ತಾಗಬೇಕಾದರೆ ಮಕ್ಕಳ ಗ್ಲೋಬ್ ಮೇಲೆ ಈ ಎರಡು ಊರಿಗೆ ದಾರ ಹಿಡಿದು ಬಿಗಿಯಾಗಿ ಎಳೆಯಿರಿ. ದಾರ ಪೆಸಿಫಿಕ್ ಸಾಗರದ ನಡುವೆ ಹೋಗುವುದಿಲ್ಲ. ನೇಪಾಳ, ಟಿಬೆಟ್, ಮಂಗೋಲಿಯಾ, ಸೈಬೀರಿಯಾ ದಾಟಿ ಅಲಾಸ್ಕಾ ಮೇಲಿಂದ ಇಳಿಯುತ್ತದೆ. ಅತಿ ಹತ್ತಿರದ ದಾರಿ ಅದೇ. ಆದರೆ ವಿಮಾನ ದಾರದ ಗುಂಟ ಹಾರುವುದಿಲ್ಲ. ಒಳಗಿನ ಗಾಳಿಯ ಒತ್ತಡ ಕೈಕೊಟ್ಟರೆ ತಕ್ಷಣ 10 ಸಾವಿರ ಅಡಿಗೆ ಇಳಿಯಬೇಕು. ಟಿಬೆಟ್‌ನ ನೆಲವೇ ಸರಾಸರಿ 14 ಸಾವಿರ ಅಡಿಗಿಂತ ಎತ್ತರ, ಇಳಿಯುವುದೆಲ್ಲಿಗೆ? ಅದಕ್ಕೇ ಆ ಭಾಗವನ್ನು ಆದಷ್ಟು ಬಿಟ್ಟು ಸುತ್ತಿ ಹೋಗುತ್ತಾರೆ. ಜೊತೆಗೆ ದೇಶದೇಶಗಳ ಜಗಳ: 2022ರಿಂದ ಅಮೆರಿಕದ ವಿಮಾನಗಳಿಗೆ ರಷ್ಯಾದ ಆಕಾಶ ಮುಚ್ಚಿದೆ.

ಇನ್ನು ಗಾಳಿ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಬೀಸುತ್ತದೆ, ಚಳಿಗಾಲದಲ್ಲಿ ಅದರ ರಭಸ ಹೆಚ್ಚು. ಪೆಸಿಫಿಕ್ ಕಡೆಯಿಂದ ಹೋಗುವಾಗ ಬೆನ್ನಿಗೆ ಗಾಳಿ, ಅದೇ ದಾರಿಯಲ್ಲಿ ಮರಳುವಾಗ ಎದುರುಗಾಳಿ. ಆದ್ದರಿಂದ ಬರುವ ಪ್ರಯಾಣ ಒಂದು ಗಂಟೆಯಷ್ಟು ಉದ್ದವಾದರೆ ಗಾಬರಿ ಬೇಡ. ಭೂಮಿ ತಿರುಗುವುದಕ್ಕೂ ಇದಕ್ಕೂ ನೇರ ಸಂಬಂಧವಿಲ್ಲ, ಸುತ್ತಲ ಗಾಳಿಯೂ ಭೂಮಿಯ ಜೊತೆಗೇ ತಿರುಗುತ್ತದೆ.

ನಮ್ಮ ಕಡೆಯವರು ಹೆಚ್ಚಾಗಿ ಎಡವುವುದು ತಾರೀಖಿನಲ್ಲಿ. ‘15ನೇ ತಾರೀಖು 00.40’ ಅಂತಿದ್ದರೆ 14ರ ರಾತ್ರಿಯೇ ಏರ್‌ಪೋರ್ಟ್‌ನಲ್ಲಿರಬೇಕು. 15ರ ಸಂಜೆ ಹೊರಟವರಿಗೆ ವಿಮಾನವೂ ಇಲ್ಲ, ದುಡ್ಡೂ ಪೂರ್ತಿ ವಾಪಸ್ ಬರುವುದಿಲ್ಲ. ಮೂರು ಗಂಟೆ ಮುಂಚೆ ಅಂದರೆ 14ರ ರಾತ್ರಿ 9.40ಕ್ಕೆ ದೇವನಹಳ್ಳಿ. ದಾವಣಗೆರೆಯಿಂದ ಕಾರಿನಲ್ಲಿ ಐದು ಗಂಟೆ, ಪಂಕ್ಚರ್, ಊಟ, ಟ್ರಾಫಿಕ್ಕಿಗೆ ಇನ್ನೊಂದು ಗಂಟೆ. ಮಧ್ಯಾಹ್ನ ಮೂರೂವರೆಗೆ ಮನೆ ಬಿಡಿ. ಚಿತ್ರದುರ್ಗದವರು ನಾಲ್ಕೂವರೆಗೆ ಹೊರಟರೆ ಸಾಕು. ತುಮಕೂರು ದಾಟಿದ ಮೇಲೆ ನೆಲಮಂಗಲಕ್ಕೆ ಹೋಗಬೇಡಿ, ದಾಬಸ್‌ಪೇಟೆಯಲ್ಲೇ ಎಡಕ್ಕೆ ತಿರುಗಿ ದೊಡ್ಡಬಳ್ಳಾಪುರದ ಮೇಲೆ ಹೋಗಿ.